ಸಮಾಜಸೇವಕ ನಗರಸೇವಕನಾದರೆ ವಾರ್ಡಿಗೆ ಏನು ಸಿಗುತ್ತದೆ?

2025ರ ಫೆಬ್ರುವರಿಯಲ್ಲಿ ಬೆಳಗಾವಿ ಮಹಾನಗರ ಪಾಲಿಕೆಯ ಇಬ್ಬರು ಸದಸ್ಯರ (ನಗರಸೇವಕರ) ಸದಸ್ಯತ್ವವನ್ನು ಪ್ರಾದೇಶಿಕ ಆಯುಕ್ತರು ರದ್ದು ಮಾಡಿದರು. ತಿನಿಸು ಕಟ್ಟೆ ಎಂಬ ಸಾರ್ವಜನಿಕ ತಿಂಡಿ ಮಳಿಗೆಗಳ ಸಾಲಿನಲ್ಲಿ ಅವರ ಪತ್ನಿಯರ ಹೆಸರಿನಲ್ಲಿ ಮಳಿಗೆಗಳಿವೆ ಎಂಬುದು ದೂರು. ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿತು. ಮುಂದಿನ ತಿಂಗಳೇ ಅವರಲ್ಲೊಬ್ಬರು ಮೇಯರ್ ಆದರು. ಪತ್ರಿಕೆ ಓದಿದವರಿಗೆ ತಲೆ ಕೆಟ್ಟಿದ್ದು ಸಹಜ. ಹೆಂಡತಿಯ ವ್ಯಾಪಾರಕ್ಕೂ ಗಂಡನ ಕುರ್ಚಿಗೂ ಏನು ಸಂಬಂಧ? ಸದಸ್ಯತ್ವ ಹೋಯಿತು ಎಂದು ಸುದ್ದಿಯಾದವರು ಮೇಯರ್ ಆಗುವುದು ಹೇಗೆ?

ಎರಡನೇ ಪ್ರಶ್ನೆಗೆ ಉತ್ತರ ಸರಳ. ಪ್ರಾದೇಶಿಕ ಆಯುಕ್ತರ ಆದೇಶವನ್ನು ಮೇಲೆ ಪ್ರಶ್ನಿಸಬಹುದು, ತಡೆ ಸಿಕ್ಕರೆ ಸದಸ್ಯತ್ವ ಮುಂದುವರಿಯುತ್ತದೆ. ಮೊದಲನೆಯದು ಹೆಚ್ಚು ದೂರ ಹೋಗುವ ಪ್ರಶ್ನೆ. ಬೆಳಗಾವಿ, ವಿಜಯಪುರ, ಬಾಗಲಕೋಟೆಗಳಲ್ಲಿ ಸಂಘ, ಟ್ರಸ್ಟ್, ಮಹಿಳಾ ಮಂಡಳ ಕಟ್ಟಿ ಹೆಸರು ಮಾಡಿದವರು ವಾರ್ಡ್ ಚುನಾವಣೆಗೆ ನಿಲ್ಲುವುದು ಮಾಮೂಲು. ಬಡವರ ಆಸ್ಪತ್ರೆ ಬಿಲ್ಲು ಕಟ್ಟಿದವರು, ಮಕ್ಕಳಿಗೆ ನೋಟ್‌ಬುಕ್ ಹಂಚಿದವರು, ಓಣಿಗೆ ಬೋರ್‌ವೆಲ್ ಹಾಕಿಸಿದವರು ಗೆದ್ದೂ ಬರುತ್ತಾರೆ. ಗೆದ್ದ ಮೇಲೆ ಅದೇ ಕೆಲಸ ಮೊದಲಿನಂತೆ ನಡೆಯುವುದಿಲ್ಲ. ಅದಕ್ಕೆ ಅವರ ಮನಸ್ಸು ಬದಲಾಗಿದ್ದೇ ಕಾರಣ ಎಂದು ಜನ ತೀರ್ಮಾನಿಸಿಬಿಡುತ್ತಾರೆ. ಬಹಳಷ್ಟು ಸಲ ಬದಲಾಗಿರುವುದು ಅವರ ಕಾನೂನು ಸ್ಥಾನ.

ಸುದ್ದಿಯ ಹಿಂದಿರುವ ನಿಯಮ

ಬೆಂಗಳೂರು ಬಿಟ್ಟು ಉಳಿದ ಪಾಲಿಕೆಗಳು ನಡೆಯುವುದು 1976ರ ಕರ್ನಾಟಕ ಮುನ್ಸಿಪಲ್ ಕಾರ್ಪೊರೇಷನ್ ಕಾಯ್ದೆಯ ಪ್ರಕಾರ. ಅದರ 26ನೇ ಕಲಂ ಅನರ್ಹತೆಯ ಕಾರಣಗಳನ್ನು ಹೇಳುತ್ತದೆ. ಪಾಲಿಕೆಯೊಂದಿಗಿನ ಗುತ್ತಿಗೆಯಲ್ಲಿ ನೇರವಾಗಿಯೋ ಪರೋಕ್ಷವಾಗಿಯೋ ಪಾಲು ಇಟ್ಟುಕೊಂಡವರು ಸದಸ್ಯರಾಗಿ ಇರುವಂತಿಲ್ಲ. ಮಳಿಗೆ ಹರಾಜಿಗಿಡುವ, ಬಾಡಿಗೆ ನಿಗದಿ ಮಾಡುವ, ಬಾಕಿ ಮನ್ನಾ ಮಾಡುವ ಸಭೆಯಲ್ಲಿ ಕೈ ಎತ್ತುವವರೇ ಆ ಮಳಿಗೆಯ ಬಾಡಿಗೆದಾರರೂ ಆದರೆ ಲೆಕ್ಕ ಕೇಳುವವರು ಯಾರೂ ಉಳಿಯುವುದಿಲ್ಲ. ನಿಯಮ ಇರುವುದು ಅದಕ್ಕೆ. ಹೆಸರು ಹೆಂಡತಿಯದೋ ಅಣ್ಣನದೋ ಆದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ ಎಂಬುದನ್ನೇ ಬೆಳಗಾವಿಯ ಪ್ರಕರಣ ಮುಂದೆ ತಂದಿತು.

ಸಮಾಜಸೇವೆಯಿಂದ ಬಂದವರಿಗೆ ಈ ನಿಯಮ ವ್ಯಾಪಾರಿಗಳಿಗಿಂತ ಹೆಚ್ಚು ತಾಗುತ್ತದೆ. ವಸತಿ ಇಲ್ಲದವರ ರಾತ್ರಿ ಆಶ್ರಯ ಕೇಂದ್ರವನ್ನು ಪಾಲಿಕೆ ಸಾಮಾನ್ಯವಾಗಿ ಸ್ವಯಂಸೇವಾ ಸಂಸ್ಥೆಗಳಿಗೇ ನಡೆಸಲು ಕೊಡುತ್ತದೆ. ಕಸ ವಿಂಗಡಣೆ, ಹೊಲಿಗೆ ತರಬೇತಿ, ಉದ್ಯಾನ ನಿರ್ವಹಣೆ ಕೂಡ ಹಲವು ಕಡೆ ಸಂಘಗಳ ಕೈಯಲ್ಲಿರುತ್ತವೆ. ಹತ್ತು ವರ್ಷ ಪ್ರಾಮಾಣಿಕವಾಗಿ ಆಶ್ರಯ ಕೇಂದ್ರ ನಡೆಸಿದವರು ಆಯ್ಕೆಯಾದ ದಿನದಿಂದ, ಒಂದು ರೂಪಾಯಿಯನ್ನೂ ಮುಟ್ಟದಿದ್ದರೂ, ತೊಂದರೆಯ ಅಂಚಿನಲ್ಲಿರುತ್ತಾರೆ. ತಾವು ರಾಜೀನಾಮೆ ಕೊಟ್ಟು ಮನೆಯವರನ್ನು ಟ್ರಸ್ಟಿನ ಮುಖ್ಯಸ್ಥರನ್ನಾಗಿ ಮಾಡಿದರೆ ಸಾಕು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ಕೆಟ್ಟ ಸಲಹೆ.

ಸುರಕ್ಷಿತ ದಾರಿ ಬೇರೆ. ನಾಮಪತ್ರ ಸಲ್ಲಿಸುವ ಮೊದಲೇ ಟ್ರಸ್ಟಿನ ಸಭೆ ಕರೆದು ರಾಜೀನಾಮೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಬ್ಯಾಂಕಿನಲ್ಲಿ ಸಹಿ ಮಾಡುವವರ ಹೆಸರು ಬದಲಾಯಿಸಿ ಆ ಪತ್ರದ ನಕಲು ಇಟ್ಟುಕೊಳ್ಳಬೇಕು. ಕುಟುಂಬದ ಹೊರಗಿನವರಿಗೆ ಹೊಣೆ ಒಪ್ಪಿಸಬೇಕು. ಪಾಲಿಕೆಯಿಂದ ಹಣ ಬರುವ ಒಪ್ಪಂದವಿದ್ದರೆ ಅದನ್ನು ಸಂಸ್ಥೆಯೇ ಬಿಟ್ಟುಕೊಡುವುದು ಒಳ್ಳೆಯದು. ಇದೆಲ್ಲ ಗೆದ್ದ ಮೇಲೆ ಮಾಡುವ ಕೆಲಸವಲ್ಲ. ಜೊತೆಗೆ ಸದಸ್ಯರು ತಮ್ಮ ಮತ್ತು ಕುಟುಂಬದ ಆಸ್ತಿ ವಿವರವನ್ನು ಪ್ರತಿವರ್ಷ ಸಲ್ಲಿಸಬೇಕು. ಮೊದಲ ವರ್ಷ ಕೊಟ್ಟು ಆಮೇಲೆ ಮರೆಯುವವರು ಬಹಳ, ಆ ಮರೆವಿಗೂ ಸದಸ್ಯತ್ವವೇ ಬೆಲೆ.

ಸದಸ್ಯರ ಕೈಯಲ್ಲಿ ಇರುವುದೆಷ್ಟು?

ಬೆಳಗಾವಿ ಪಾಲಿಕೆಯಲ್ಲಿ 58 ವಾರ್ಡುಗಳಿವೆ, ವಿಜಯಪುರದಲ್ಲಿ 35. 2011ರ ಜನಗಣತಿಯಲ್ಲಿ ಬೆಳಗಾವಿಯ ಜನಸಂಖ್ಯೆ ಸುಮಾರು 4.88 ಲಕ್ಷ, ವಿಜಯಪುರದ್ದು 3.27 ಲಕ್ಷ. ಅಂದರೆ ಆಗಿನ ಲೆಕ್ಕದಲ್ಲೇ ಒಂದು ವಾರ್ಡಿಗೆ ಎಂಟೊಂಬತ್ತು ಸಾವಿರ ಜನ. ಬೆಳಗಾವಿಯ ಕ್ಯಾಂಪ್ ಪ್ರದೇಶ ಕಂಟೋನ್ಮೆಂಟ್ ಬೋರ್ಡಿನದು, ಅಲ್ಲಿ ನಗರಸೇವಕರ ಮಾತು ನಡೆಯುವುದಿಲ್ಲ.

ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಪಾಲಿಕೆ ಸದಸ್ಯರಿಗೆ ಅಂಥ ಸ್ವಂತ ನಿಧಿ ಇಲ್ಲ. 'ವಾರ್ಡ್ ಅನುದಾನ' ಎಂದು ಕರೆಯುವುದು ಪಾಲಿಕೆಯ ಬಜೆಟ್ಟಿನಲ್ಲಿ ಠರಾವು ಮಾಡಿ ಹಂಚಿಕೊಂಡ ಮೊತ್ತ. ಆಸ್ತಿ ತೆರಿಗೆ ವಸೂಲಿ ಕುಸಿದ ವರ್ಷ ಅದೂ ಕುಸಿಯುತ್ತದೆ. ಚೆಕ್ಕಿಗೆ ಸಹಿ ಮಾಡುವುದು ಆಯುಕ್ತರ ಆಡಳಿತ, ಸದಸ್ಯರಲ್ಲ, ಮೇಯರ್ ಕೂಡ ಅಲ್ಲ. ಕೊಳೆಗೇರಿಯ ಹಕ್ಕುಪತ್ರ ಕೊಳಗೇರಿ ಅಭಿವೃದ್ಧಿ ಮಂಡಳಿಯದು, ವಿದ್ಯುತ್ ಕಂಬ ವಿದ್ಯುತ್ ಕಂಪನಿ ಹೆಸ್ಕಾಂನದು. 2016ರ ಜನವರಿಯಲ್ಲಿ ಮೊದಲ ಇಪ್ಪತ್ತು ನಗರಗಳ ಪಟ್ಟಿಯಲ್ಲಿ ಬೆಳಗಾವಿಗೆ ಬಂದ ಸ್ಮಾರ್ಟ್ ಸಿಟಿ ಯೋಜನೆಯೂ ಪ್ರತ್ಯೇಕ ಕಂಪನಿಯ ಮೂಲಕ ನಡೆಯಿತು. ಓಣಿಯ ರಸ್ತೆ ಅಗೆದವರು ಯಾರು, ಮುಚ್ಚುವವರು ಯಾರು ಎಂದು ಜನ ನಗರಸೇವಕರ ಮನೆಗೆ ಬಂದಾಗ ಅವರ ಬಳಿ ಉತ್ತರ ಇಲ್ಲದೇ ಇದ್ದದ್ದಕ್ಕೆ ಇದು ಕಾರಣ.

ಹಾಗಾದರೆ ಇರುವುದೇನು? ತಿಂಗಳ ಸಾಮಾನ್ಯ ಸಭೆಯಲ್ಲಿ ಪ್ರಶ್ನೆ ಕೇಳುವ, ಠರಾವು ಮಂಡಿಸುವ ಹಕ್ಕು. ನಾಲ್ಕು ಸ್ಥಾಯಿ ಸಮಿತಿಗಳಲ್ಲಿ ಒಂದರ ಸದಸ್ಯತ್ವ: ತೆರಿಗೆ ಮತ್ತು ಹಣಕಾಸು, ಆರೋಗ್ಯ-ಶಿಕ್ಷಣ-ಸಾಮಾಜಿಕ ನ್ಯಾಯ, ನಗರ ಯೋಜನೆ, ಲೆಕ್ಕಪತ್ರ. ಸೇವೆಯ ಹಿನ್ನೆಲೆಯವರು ಸಹಜವಾಗಿ ಆರೋಗ್ಯ ಸಮಿತಿಯನ್ನೇ ಕೇಳುತ್ತಾರೆ. ಬಡವರ ದುಡ್ಡು ಎಲ್ಲಿ ತಡೆದು ನಿಂತಿದೆ ಎಂದು ಹುಡುಕಲು ಲೆಕ್ಕಪತ್ರ ಸಮಿತಿಯೇ ಹೆಚ್ಚು ಉಪಯುಕ್ತ. ಆಡಿಟ್ ಆಕ್ಷೇಪಣೆಗಳೆಲ್ಲ ಬಂದು ಬೀಳುವುದು ಅಲ್ಲಿ, ಅದನ್ನು ಕೇಳಿ ಪಡೆಯುವವರು ಕಡಿಮೆ.

ಪರ, ವಿರೋಧ

ಸಮಾಜಸೇವಕರೇ ಪಾಲಿಕೆಗೆ ಬರಬೇಕು ಎನ್ನುವವರ ವಾದ ಗಟ್ಟಿಯಾಗಿದೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಹುಡುಗಿ ಏಳನೇ ಇಯತ್ತೆಗೆ ಶಾಲೆ ಬಿಟ್ಟಳು, ಬೆಳಗಾವಿಯ ನೇಕಾರ ಬಡಾವಣೆಗಳಾದ ಶಹಾಪುರ, ವಡಗಾವಿ, ಖಾಸಬಾಗದ ಯಾವ ಮಗ್ಗ ನಿಂತಿದೆ ಎಂಬುದು ಅವರಿಗೆ ಗೊತ್ತು. ಈ ತಿಳಿವಳಿಕೆ ಯಾವ ಕಚೇರಿಯ ಕಡತದಲ್ಲೂ ಸಿಗದು.

ಎದುರು ವಾದವನ್ನೂ ತಳ್ಳಿಹಾಕುವಂತಿಲ್ಲ. ಹಂಚುವ ಸೀರೆ, ಕುಕ್ಕರ್, ಯಾತ್ರೆಯ ಬಸ್ಸು ಮುಂದಿನ ಚುನಾವಣೆಗೆ ಹಾಕಿದ ಬಂಡವಾಳ ಎನ್ನುತ್ತಾರೆ ಟೀಕಾಕಾರರು. ನೀತಿ ಸಂಹಿತೆ ಜಾರಿಯಾಗುವ ಮೊದಲು ಹಂಚಿದ್ದು ಸೇವೆ, ಆಮೇಲೆ ಹಂಚಿದ್ದು ಆಮಿಷ ಎಂಬ ಗೆರೆ ಕಾನೂನಿಗೆ ಸಾಕಾಗಬಹುದು, ಪಡೆದವರ ಮನಸ್ಸಿನಲ್ಲಿ ಆ ಗೆರೆ ಇರುವುದಿಲ್ಲ. ಪಡೆದವರು ಋಣದಲ್ಲಿ ಬೀಳುತ್ತಾರೆ, ಋಣದಲ್ಲಿರುವವರು ಲೆಕ್ಕ ಕೇಳುವುದಿಲ್ಲ.

ಪಕ್ಷಗಳ ಒಳಗಿನವರದು ಇನ್ನೊಂದು ಮಾತು. ಬೆಳಗಾವಿಯಲ್ಲಿ ದಶಕಗಳ ಕಾಲ ಭಾಷೆಯ ಹೆಸರಿನ ಗುಂಪುಗಳ ನಡುವೆ ನಡೆಯುತ್ತಿದ್ದ ಪಾಲಿಕೆ ಚುನಾವಣೆ 2021ರ ಸೆಪ್ಟೆಂಬರಿನಲ್ಲಿ ಪಕ್ಷಗಳ ಚಿಹ್ನೆಯ ಮೇಲೆ ನಡೆದು, ಬಿಜೆಪಿ 35 ಸ್ಥಾನ ಗೆದ್ದಿತು. ಪಕ್ಷದ ಬೆನ್ನಿಲ್ಲದ ಒಂಟಿ ಸಮಾಜಸೇವಕನ ಠರಾವಿಗೆ ಅನುಮೋದಕರೇ ಸಿಗುವುದಿಲ್ಲ ಎಂಬುದು ಅವರ ವಾದ. ಸಂಖ್ಯಾಬಲದ ಮಟ್ಟಿಗೆ ಇದು ನಿಜ. ಆದರೆ ವಾರ್ಡಿನ ಬಡವರಿಗೆ ಸಲ್ಲಬೇಕಾದ ಹಣದ ಒಂದು ದೊಡ್ಡ ಭಾಗಕ್ಕೆ ಬಹುಮತವೇ ಬೇಕಿಲ್ಲ. ಅದು ಮೊದಲೇ ಮೀಸಲಾಗಿದೆ.

ಶೇ 24.10, ಶೇ 7.25, ಶೇ 5

ಕರ್ನಾಟಕದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಇಡಬೇಕು. ಮೂರೂ ಸೇರಿದರೆ ಶೇ 36.35. ಪಾಲಿಕೆ ಸ್ವಂತ ಮೂಲದಿಂದ ಒಂದು ಕೋಟಿ ರೂಪಾಯಿ ಖರ್ಚಿಗೆ ಇಟ್ಟಿತು ಎಂದುಕೊಂಡರೆ ಅದರಲ್ಲಿ 36 ಲಕ್ಷ 35 ಸಾವಿರ ಈ ಮೂರು ತಲೆಬರಹಗಳಿಗೆ ಸೇರಿದ್ದು. ಯಾವ ಟ್ರಸ್ಟೂ ವರ್ಷವರ್ಷ ಇಷ್ಟು ಎತ್ತಿಕೊಡಲಾರದು. ಹಳೆಯ ಸಮಾಜಸೇವಕ ಸದಸ್ಯರಾದಾಗ ನಿಜವಾದ ಹೂಡಿಕೆ ಆಗಬೇಕಾದದ್ದು ಇಲ್ಲೇ, ತಮ್ಮ ಜೇಬಿನಿಂದಲ್ಲ.

ಹಣ ಇದ್ದೂ ತಲುಪದೇ ಹೋಗುವುದು ಏಕೆ? ಅರ್ಜಿ ಆಹ್ವಾನದ ಪ್ರಕಟಣೆ ವರ್ಷದ ಕೊನೆಗೆ, ಪತ್ರಿಕೆಯ ಮೂಲೆಯಲ್ಲಿ ಬರುತ್ತದೆ. ಕೊನೆಯ ದಿನಕ್ಕೆ ಎರಡು ವಾರ ಇರುವಾಗ ಜನ ನಾಡಕಚೇರಿಗೆ ಓಡುತ್ತಾರೆ. ಜಾತಿ ಪ್ರಮಾಣಪತ್ರದಲ್ಲಿ ಅಪ್ಪನ ಹೆಸರು, ಆಧಾರಿನಲ್ಲಿ ಅಡ್ಡಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಆದಾಯ ಪ್ರಮಾಣಪತ್ರದ ಐದು ವರ್ಷದ ಅವಧಿ ಮುಗಿದಿರುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡು ಬೇಕೆಂದು ಹೇಳುವ ಹೊತ್ತಿಗೆ ಜಿಲ್ಲಾ ಆಸ್ಪತ್ರೆಯ ವೈದ್ಯಕೀಯ ತಪಾಸಣೆಗೆ ಸರದಿ ಸಿಗುವುದಿಲ್ಲ. ಎಲ್ಲ ಸರಿಯಿದ್ದೂ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲದ್ದರಿಂದ ಮಂಜೂರಾದ ಹಣ ವಾಪಸು ಹೋಗುತ್ತದೆ. ಮಾರ್ಚ್ ಬರುತ್ತದೆ, 'ಅರ್ಹ ಅರ್ಜಿಗಳು ಬಂದಿಲ್ಲ' ಎಂಬ ಷರಾ ಬೀಳುತ್ತದೆ. ಬಡವರೇ ಇಲ್ಲದ ಊರಿನಂತೆ ಕಾಗದ ಕಾಣುತ್ತದೆ.

ಸಮಾಜಸೇವಕರ ಅನುಭವ ಬೆಲೆ ಬಾಳುವುದು ಇಂಥಲ್ಲಿ. ಏಪ್ರಿಲ್-ಮೇ ತಿಂಗಳಲ್ಲೇ ವಾರ್ಡಿನ ಮನೆಮನೆ ಪಟ್ಟಿ ಸಿದ್ಧವಾಗಬೇಕು. ಪಟ್ಟಿಯಲ್ಲಿ ಹೆಸರಿನ ಮುಂದೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್.ಡಿ. ಸಂಖ್ಯೆ, ಅದರ ಅವಧಿ, ಪಡಿತರ ಚೀಟಿ, ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂಬ ಕಲಂಗಳಿರಬೇಕು. ಕೊರತೆ ಇರುವವರನ್ನು ಮಳೆಗಾಲದಲ್ಲೇ ನಾಡಕಚೇರಿಗೆ ಕಳಿಸಿ ಸರಿಪಡಿಸಿದರೆ ಪ್ರಕಟಣೆ ಬಂದ ದಿನ ಅರ್ಜಿ ಹಾಕಬಹುದು. ಇದೇ ಪಟ್ಟಿ ಅನಧಿಕೃತ ಬಡಾವಣೆಯ ಆಸ್ತಿಗೆ ಕೊಡುವ ಬಿ ಖಾತೆಯ ಅರ್ಜಿಗೂ, ಬೀದಿ ವ್ಯಾಪಾರಿಗಳ ಸ್ವನಿಧಿ ಸಾಲಕ್ಕೂ ನೆರವಾಗುತ್ತದೆ. 2020ರಲ್ಲಿ 10 ಸಾವಿರದಿಂದ ಶುರುವಾದ ಆ ಸಾಲದ ಮೊದಲ ಕಂತು 2025ರ ಬದಲಾವಣೆಯ ನಂತರ 15 ಸಾವಿರ, ಎರಡನೆಯದು 25 ಸಾವಿರ, ಮೂರನೆಯದು 50 ಸಾವಿರ. ಮೊದಲ ಕಂತನ್ನು ಸಕಾಲಕ್ಕೆ ತೀರಿಸಿದವರಿಗಷ್ಟೇ ಎರಡನೆಯದು.

ಒಂದು ಎಚ್ಚರಿಕೆಯೂ ಬೇಕು. ಈ ಪಟ್ಟಿ ಸದಸ್ಯರ ಮನೆಯ ಕಪಾಟಿನಲ್ಲಿ ಉಳಿದರೆ ಅದು ಮತದಾರರ ಪಟ್ಟಿಯಾಗಿಬಿಡುತ್ತದೆ. ಪಾಲಿಕೆಯ ಕಲ್ಯಾಣ ಶಾಖೆಗೆ ಆವಕ ಸಂಖ್ಯೆಯೊಂದಿಗೆ ಸಲ್ಲಿಸಿ ಸ್ವೀಕೃತಿ ಪಡೆದರೆ, ಸದಸ್ಯರು ಬದಲಾದರೂ ಹೆಸರುಗಳು ಉಳಿಯುತ್ತವೆ.

ನೂರು ಮೀಟರ್ ಚರಂಡಿಯ ಪಯಣ

ಸೇವೆಯಲ್ಲಿದ್ದಾಗ ಚಂದಾ ಎತ್ತಿ ಎರಡು ವಾರದಲ್ಲಿ ಮುಗಿಸುತ್ತಿದ್ದ ಕೆಲಸ ಪಾಲಿಕೆಯಲ್ಲಿ ತಿಂಗಳುಗಟ್ಟಲೆ ಹಿಡಿಯುತ್ತದೆ. ನೂರು ಮೀಟರಿನ ಒಂದು ಚರಂಡಿಯನ್ನೇ ತೆಗೆದುಕೊಳ್ಳೋಣ. ಕಿರಿಯ ಎಂಜಿನಿಯರ್ ಸ್ಥಳ ನೋಡಿ ಲೋಕೋಪಯೋಗಿ ದರಪಟ್ಟಿಯಂತೆ ಅಂದಾಜು ಪತ್ರಿಕೆ ಮಾಡುತ್ತಾರೆ. ತಾಂತ್ರಿಕ ಮಂಜೂರಾತಿ, ಆಮೇಲೆ ಆಡಳಿತಾತ್ಮಕ ಅನುಮೋದನೆ, ಕ್ರಿಯಾಯೋಜನೆಯಲ್ಲಿ ಸೇರ್ಪಡೆ, ಟೆಂಡರ್, ಕಾರ್ಯಾದೇಶ, ಕೆಲಸ, ಅಳತೆ ಪುಸ್ತಕದಲ್ಲಿ ದಾಖಲು, ಹೊರಗಿನವರ ಗುಣಮಟ್ಟ ಪರಿಶೀಲನೆ, ಕೊನೆಗೆ ಬಿಲ್ಲು. ಹಣ ಕೇಂದ್ರದ 15ನೇ ಹಣಕಾಸು ಆಯೋಗದ್ದಾಗಿದ್ದರೆ ಇನ್ನೊಂದು ಕಟ್ಟುಪಾಡಿತ್ತು. 2021ರಿಂದ 26ರ ಅವಧಿಯ ಆ ಅನುದಾನದಲ್ಲಿ ಬೆಳಗಾವಿ, ವಿಜಯಪುರದಂಥ ಹತ್ತು ಲಕ್ಷದೊಳಗಿನ ನಗರಗಳಿಗೆ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಸಮುದಾಯ ಭವನಕ್ಕೆ ಬೇಕೆಂದರೆ ಆ ಭಾಗದಿಂದ ಬಿಡಿಗಾಸೂ ಸಿಗುತ್ತಿರಲಿಲ್ಲ.

ಈ ದಾರಿಯಲ್ಲಿ ಕೆಡುವುದು ಹೆಚ್ಚಾಗಿ ಮೊದಲ ಹೆಜ್ಜೆಯಲ್ಲೇ. ಲೆವೆಲ್ ತೆಗೆಯದೆ ಟೇಪು ಹಿಡಿದು ಉದ್ದ ಮಾತ್ರ ಅಳೆದರೆ ಇಳಿಜಾರು ತಪ್ಪುತ್ತದೆ. ಇನ್ನೂರಕ್ಕೆ ಒಂದರ ಇಳಿಜಾರು ಎಂದುಕೊಂಡರೆ ನೂರು ಮೀಟರಿಗೆ ತಳ ಅರ್ಧ ಮೀಟರ್ ಇಳಿಯಬೇಕು. ಕೊನೆಯಲ್ಲಿ ನೀರು ಸೇರುವ ದೊಡ್ಡ ಗಟಾರದ ತಳ ಅದಕ್ಕಿಂತ ಮೇಲಿದ್ದರೆ ಹೊಸ ಚರಂಡಿ ಸೊಳ್ಳೆಯ ತೊಟ್ಟಿಯಾಗುತ್ತದೆ. ಎರಿ (ಕಪ್ಪು) ಮಣ್ಣಿನ ಓಣಿಯಲ್ಲಿ ತಳಕ್ಕೆ ಗರಸು ಮಣ್ಣು (ಮುರ್ರಂ) ಹಾಕಿ ದಮ್ಮಸು ಮಾಡದಿದ್ದರೆ ಬೇಸಿಗೆಗೆ ಮಣ್ಣು ಕುಗ್ಗಿ ಗೋಡೆ ಸೀಳುತ್ತದೆ. ನಡುವೆ ಬರುವ ವಿದ್ಯುತ್ ಕಂಬ, ನೀರಿನ ಪೈಪು ಸ್ಥಳಾಂತರದ ಖರ್ಚನ್ನು ಅಂದಾಜಿನಲ್ಲಿ ಸೇರಿಸಿರುವುದಿಲ್ಲ, ಕೆಲಸ ಅಲ್ಲೇ ನಿಲ್ಲುತ್ತದೆ.

ತಡ ಸಹಿಸದ ಸದಸ್ಯರು ಹಿಡಿಯುವ ಅಡ್ಡದಾರಿ ತುಂಡು ಗುತ್ತಿಗೆ. ಟೆಂಡರ್ ಮಿತಿಯೊಳಗೆ ಬರುವಂತೆ ಒಂದೇ ಚರಂಡಿಯನ್ನು ಮೂರು ತುಂಡು ಮಾಡಿ ಮೂವರಿಗೆ ಕೊಡುವುದು. ಕೆಲಸ ಬೇಗ ಶುರುವಾಗುತ್ತದೆ ನಿಜ. ಮೂರೂ ತುಂಡುಗಳ ತಳ ಒಂದಕ್ಕೊಂದು ಕೂಡುವುದಿಲ್ಲ, ಪಾರದರ್ಶಕ ಟೆಂಡರ್ ಕಾಯ್ದೆಯಡಿ ಆಡಿಟ್ ಆಕ್ಷೇಪಣೆ ಬರುತ್ತದೆ, ಬಿಲ್ಲು ತಡೆಹಿಡಿಯಲ್ಪಡುತ್ತದೆ, ಮುಂದಿನ ಕೆಲಸಕ್ಕೆ ಗುತ್ತಿಗೆದಾರರು ಬರುವುದಿಲ್ಲ. ಒಳ್ಳೆಯ ಉದ್ದೇಶದಿಂದ ಮಾಡಿದ್ದು ಎಂಬ ಸಮಜಾಯಿಷಿ ಆಡಿಟ್‌ನಲ್ಲಿ ನಡೆಯುವುದಿಲ್ಲ.

ಸ್ವಂತ ಹಣದಿಂದ ಮಾಡಿದ ಕೆಲಸ ಎಲ್ಲಿ ನಿಲ್ಲುತ್ತದೆ?

ಟ್ರಸ್ಟಿನ ಹಣದಿಂದ ಓಣಿಗೆ ಶುದ್ಧ ಕುಡಿಯುವ ನೀರಿನ ಘಟಕ ಹಾಕಿಸುವುದು ಈ ಭಾಗದಲ್ಲಿ ಜನಪ್ರಿಯ ಸೇವೆ. ಗಡಸು ನೀರಿನ ಪ್ರದೇಶದಲ್ಲಿ ಅದು ಬೇಕಾದದ್ದೂ ಹೌದು. ಯಂತ್ರ ಕೊಳ್ಳುವುದು ಒಂದು ಸಲದ ಖರ್ಚು, ನಡೆಸುವುದು ನಿತ್ಯದ್ದು. ನೀರು ಮೊದಲು ಹಾಯುವ ಫಿಲ್ಟರ್ ಕಾರ್ಟ್ರಿಜ್‌ಗಳನ್ನು ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು. ಸುಣ್ಣದಂಶ ಕಟ್ಟದಂತೆ ತಡೆಯುವ ರಾಸಾಯನಿಕ ಮುಗಿದರೆ ನೀರು ಸೋಸುವ ಪೊರೆ (ಮೆಂಬ್ರೇನ್) ಬೇಗ ಕಟ್ಟಿಕೊಳ್ಳುತ್ತದೆ, ಅದೇ ಘಟಕದ ದುಬಾರಿ ಭಾಗ. ಹೊರಬೀಳುವ ಉಪ್ಪುನೀರಿಗೆ ದಾರಿ ಮಾಡದಿದ್ದರೆ ಪಕ್ಕದ ಮನೆಯವರ ಜಗಳ ಶುರು.

ಇದಕ್ಕಿಂತ ಮುಖ್ಯವಾದದ್ದು ಕರೆಂಟ್ ಬಿಲ್ಲು. ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ಟ್ರಸ್ಟಿನ ಹೆಸರಿನಲ್ಲಿದ್ದು, ಟ್ರಸ್ಟಿನವರು ಚುನಾವಣೆ ಸೋತು ಆಸಕ್ತಿ ಕಳೆದುಕೊಂಡರೆ ಬಾಕಿ ಬೆಳೆಯುತ್ತದೆ, ಹೆಸ್ಕಾಂ ಸಂಪರ್ಕ ಕಡಿಯುತ್ತದೆ. ಪಾಲಿಕೆಗೆ ದುರಸ್ತಿ ಮಾಡಿ ಎಂದರೆ 'ಇದು ನಮ್ಮ ಆಸ್ತಿಯಲ್ಲ' ಎಂಬ ಉತ್ತರ. ಕಾನೂನಿನ ಪ್ರಕಾರ ಆ ಉತ್ತರ ಸರಿಯೇ. ಆದ್ದರಿಂದ ಯಾವುದೇ ದಾನದ ಕೆಲಸಕ್ಕೆ ಮೊದಲು ಜಾಗ ಯಾರದು ಎಂಬ ದಾಖಲೆ, ಪಾಲಿಕೆಯ ಲಿಖಿತ ಅನುಮತಿ, ಕೆಲಸ ಮುಗಿದ ಮೇಲೆ ಹಸ್ತಾಂತರ ಪತ್ರ, ಪಾಲಿಕೆಯ ಆಸ್ತಿ ವಹಿಯಲ್ಲಿ ನಮೂದು, ಆರ್.ಆರ್. ನಂಬರ್ ವರ್ಗಾವಣೆ ಇಷ್ಟೂ ಆಗಬೇಕು. ದಾನಿಯ ಹೆಸರಿನ ಕಲ್ಲು ಆಮೇಲೆ ಹಾಕಿದರೂ ನಡೆಯುತ್ತದೆ.

ವಾರ್ಡ್ ಸಮಿತಿ ಎಂಬ ಕೈಬಿಟ್ಟ ಕೀಲಿ

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು ಎನ್ನುತ್ತದೆ ಅದರ 243 ಎಸ್ ವಿಧಿ. ಬೆಳಗಾವಿ, ವಿಜಯಪುರ ಎರಡೂ ಈ ಗೆರೆ ದಾಟಿವೆ. 2011ರಲ್ಲಿ 1.11 ಲಕ್ಷ ಜನರಿದ್ದ ಬಾಗಲಕೋಟೆ ನಗರಸಭೆ ದಾಟಿಲ್ಲ. ಅಲ್ಲಿ ಆಲಮಟ್ಟಿ ಹಿನ್ನೀರಿನಿಂದ ಎದ್ದು ಬಂದವರ ನವನಗರ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕೈಯಲ್ಲಿ ಬೆಳೆದದ್ದರಿಂದ ಸದಸ್ಯರ ದಾರಿ ಇನ್ನೂ ಇಕ್ಕಟ್ಟಿನದು.

ಕರ್ನಾಟಕದ ಕಾಯ್ದೆಯ ಪ್ರಕಾರ ಸಮಿತಿಗೆ ಆ ವಾರ್ಡಿನ ಸದಸ್ಯರೇ ಅಧ್ಯಕ್ಷರು. ಜೊತೆಗೆ ಹತ್ತು ಮಂದಿ: ಕನಿಷ್ಠ ಇಬ್ಬರು ಪರಿಶಿಷ್ಟರು, ಮೂವರು ಮಹಿಳೆಯರು, ಇಬ್ಬರು ನಿವಾಸಿ ಸಂಘಗಳವರು. ವಾರ್ಡಿನ ಅಭಿವೃದ್ಧಿ ಯೋಜನೆ ಮಾಡುವುದು, ಹಣ ಸರಿಯಾಗಿ ಖರ್ಚಾಯಿತೇ ಎಂದು ನೋಡುವುದು ಅದರ ಕೆಲಸ. ಅನೇಕ ಸದಸ್ಯರು ಇದನ್ನು ತಮ್ಮ ಅಧಿಕಾರಕ್ಕೆ ಅಡ್ಡಿ ಎಂದೇ ನೋಡುತ್ತಾರೆ. ಸಂಘ ಕಟ್ಟಿ ಬಂದವರು ಹಾಗೆ ನೋಡಬೇಕಾದ ಕಾರಣವಿಲ್ಲ. ಚರಂಡಿ ಯಾವ ಓಣಿಗೆ ಮೊದಲು ಎಂಬ ಜಗಳವನ್ನು ಹತ್ತು ಜನರ ನಡಾವಳಿ ತೀರಿಸಿದರೆ ಸದಸ್ಯರ ಮೇಲಿನ ಆರೋಪವೂ ತಗ್ಗುತ್ತದೆ. ಸಮಿತಿಗೆ ತಮ್ಮ ಹಳೆಯ ಸಂಘದ ಕಾರ್ಯಕರ್ತರನ್ನೇ ತುಂಬಿದರೆ ಮಾತ್ರ ಎಲ್ಲವೂ ವ್ಯರ್ಥ.

ಮುಂದೇನಾಗಬಹುದು?

ಬೆಳಗಾವಿಯಲ್ಲಿ 2021ರ ಸೆಪ್ಟೆಂಬರಿನಲ್ಲಿ ಗೆದ್ದವರು ಮೇಯರ್ ಚುನಾವಣೆ ನಡೆಯದೆ 2023ರ ಫೆಬ್ರುವರಿವರೆಗೆ ಕಾದರು. ವಿಜಯಪುರದಲ್ಲಿ 2022ರ ಅಕ್ಟೋಬರಿನಲ್ಲಿ ಮತದಾನ ನಡೆದು, ಮೇಯರ್ ಬಂದದ್ದು 2024ರ ಜನವರಿಯಲ್ಲಿ. ಐದು ವರ್ಷದ ಅವಧಿ ಎಣಿಕೆಯಾಗುವುದು ಮೊದಲ ಸಭೆಯಿಂದ, ಹಾಗಾಗಿ ಬೆಳಗಾವಿಯ ಈ ಸದನ 2028ರ ಆರಂಭದವರೆಗೆ ಇರುತ್ತದೆ. ಕಾದ ಕಾಲದಲ್ಲಿ ಆಡಳಿತಾಧಿಕಾರಿಯ ಬಜೆಟ್ ನಡೆಯಿತು, ಪ್ರಶ್ನೆ ಕೇಳಲು ಸಭೆಯೇ ಇರಲಿಲ್ಲ.

ಇನ್ನೊಂದು ಪರಿಣಾಮ ವಾರ್ಡ್ ಮೀಸಲಾತಿಯದು. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ, ಉಳಿದ ವರ್ಗಗಳಿಗೂ ಪಾಲು, ಪ್ರತಿ ಚುನಾವಣೆಗೂ ಸರದಿ ಬದಲು. ಒಂದು ವಾರ್ಡಿನಲ್ಲಿ ಬೇರು ಬಿಟ್ಟ ಸಮಾಜಸೇವಕ ಮುಂದಿನ ಸಲ ಅಲ್ಲೇ ನಿಲ್ಲುವ ಖಾತ್ರಿ ಇಲ್ಲ. ಮನೆಯವರನ್ನು ನಿಲ್ಲಿಸಿ ತಾವೇ ಆಡಳಿತ ನಡೆಸುವ ರೂಢಿ ಇದರಿಂದಲೇ ಬೆಳೆದಿದೆ, ಅದು ಮಹಿಳಾ ಮೀಸಲಾತಿಗೆ ಮಾಡುವ ಅನ್ಯಾಯ. ಸರದಿ ಬದಲಾದಾಗ ವ್ಯಕ್ತಿಯ ಜೊತೆಗೇ ಹೋಗಿಬಿಡುವುದು ಹಂಚಿದ ವಸ್ತು, ಬಾಯಿಮಾತಿನ ಭರವಸೆ. ಉಳಿಯುವುದು ಠರಾವು, ಆಸ್ತಿ ವಹಿಯ ನಮೂದು, ಕಲ್ಯಾಣ ಶಾಖೆಯಲ್ಲಿರುವ ಫಲಾನುಭವಿ ಪಟ್ಟಿ, ಸಮಿತಿಯ ನಡಾವಳಿ.

ಇವು ನಿಜವಾಗಿ ಇವೆಯೇ ಎಂದು ನೋಡುವುದು ಮತದಾರರಿಂದ ಆಗುವ ಕೆಲಸ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಹಾಗಾಗಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳದೆ ಬೇರೆ ಬೇರೆ ಮಾಡಿ: ಕಳೆದ ವರ್ಷ ನಿಮ್ಮ ವಾರ್ಡಿನಲ್ಲಿ ಶೇ 24.10, 7.25 ಮತ್ತು 5ರ ನಿಧಿಯಲ್ಲಿ ಮಂಜೂರಾದ ಅರ್ಜಿಗಳು, ಉಳಿದ ಮೊತ್ತ ಎಂದು ಒಂದು, ಪೂರ್ಣಗೊಂಡ ಕಾಮಗಾರಿಗಳ ಅಳತೆ ಪುಸ್ತಕದ ನಕಲು ಎಂದು ಇನ್ನೊಂದು. ಉತ್ತರಕ್ಕೆ 30 ದಿನಗಳ ಗಡುವಿದೆ. ನವೆಂಬರ್ ಕೊನೆಯೊಳಗೆ ಅರ್ಜಿ ಹಾಕಿದರೆ ಬಜೆಟ್ ಪೂರ್ವ ಸಭೆಗಳು ಶುರುವಾಗುವ ಹೊತ್ತಿಗೆ ಕಾಗದ ಕೈಯಲ್ಲಿರುತ್ತದೆ.